ಮಡಕೆ ತಾತನ ಮಣ್ಣು, ನನ್ನ ಕಾಲು

ಮಡಕೆ ತಾತನ ಎರಡು ಕಾಲಿನ ಹೆಬ್ಬೆರಳುಗಳೂ ಪಕ್ಕದ ಬೆರಳುಗಳ ಜೊತೆ ಮಾತು ಬಿಟ್ಟವರ ಹಾಗೆ ದೂರ ನಿಂತಿರುತ್ತಿದ್ದವು. ಹಿಮ್ಮಡಿಯ ಬಿರುಕುಗಳಲ್ಲಿ ಸದಾ ಒಣಗಿದ ಕೆರೆಮಣ್ಣು. ಮಡಕೆಯ ಮಣ್ಣು ತುಳಿಯುವಾಗ ಆ ಪಾದಕ್ಕೆ ಎಳ್ಳಿನಷ್ಟು ಕಲ್ಲು ತಗುಲಿದರೂ ತಾತ ನಿಂತುಬಿಡುತ್ತಿದ್ದ. ಬಗ್ಗಿ ಅದನ್ನು ಹೆಕ್ಕಿ, "ಸಿಕ್ಕಾಕ್ಕಂಡ್ಯಾ ಮಗನೇ!" ಎಂದು ಬೈದು ಬೇಲಿಯಾಚೆ ಎಸೆಯುತ್ತಿದ್ದ. ಕಲ್ಲು ಉಳಿದರೆ ಸುಡುವಾಗ ಮಡಕೆ ಸೀಳುತ್ತದೆ. ತಾಳವಾಡಿ ಸಂತೆಯಲ್ಲಿ ಯಾರಾದರೂ ಅವನ ಮಡಕೆಯನ್ನು ತಟ್ಟಿ ನೋಡಿದರೆ, "ನನ್ ತಲೆ ತಟ್ಟಪ್ಪ, ಟೊಳ್ಳಿರೋದು ಅದು" ಎನ್ನುತ್ತಿದ್ದ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನನಗೆ ಹತ್ತೊಂಬತ್ತು. ಮೈಮೇಲೆ ಅಮ್ಮ ಎದ್ದಳು. ಸೀತಾಳೆ ಸಿಡುಬು ಅಂತ ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಮ್ಮ ಬಂದವ್ಳೆ ಎನ್ನುತ್ತಾರೆ. ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಬೇವಿನ ನೀರು ಎರೆದು, ಮೊಸರನ್ನದ ತಂಪು ಇಟ್ಟು ಅಮ್ಮನನ್ನು ಕಳಿಸಿಕೊಟ್ಟರು. ಎರಡು ವಾರ ಕಳೆದು ಒಂದು ಬೆಳಿಗ್ಗೆ ಕಾಲ್ಬೆರಳು ಜುಮ್ಮೆಂದಿತು. ಮಾರನೆಯ ದಿನ ಪಾದ ಎತ್ತಲಾಗಲಿಲ್ಲ. ಅದರ ಮಾರನೆಯ ದಿನ ಬಾವಿಕಟ್ಟೆಯಲ್ಲಿ ಕೊಡದ ಸಮೇತ ಕುಸಿದೆ. ಅಮ್ಮನನ್ನು ಸರಿಯಾಗಿ ಕಳಿಸಿಲ್ಲ ಅಂದುಕೊಂಡು ನಮ್ಮವ್ವ ಮತ್ತೆ ಬೇವಿನ ನೀರು ಕಾಯಿಸಿದಳು! ಸೊಂಟದ ಕೆಳಗೆ ಪೂರ್ತಿ ಸೋತ ಮೇಲೆ ಅಪ್ಪ ನನ್ನನ್ನು ಹೊತ್ತುಕೊಂಡು ಚಾಮರಾಜನಗರದ ಬಸ್ಸು ಹತ್ತಿದ. ಅಲ್ಲಿಂದ ಮೈಸೂರಿನ ದೊಡ್ಡಾಸ್ಪತ್ರೆ.

ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದರು. ವೈರಸ್ಸನ್ನು ಓಡಿಸಲು ಮೈಯೊಳಗೆ ಎದ್ದ ಕಾವಲು ಈಗ ಗುರುತು ತಪ್ಪಿ, ನಮ್ಮ ನರಗಳ ಹೊದಿಕೆಯನ್ನೇ ತಿನ್ನುತ್ತಿದೆಯಂತೆ. ಕಾವಲು ತಣ್ಣಗಾದರೆ ಹೊದಿಕೆ ಮತ್ತೆ ಬೆಳೆಯುತ್ತದೆ, ಆದರೆ ಮೊದಲಿನ ಹಾಗೆ ನಡೆಯುತ್ತಾಳೋ ಇಲ್ಲವೋ ಈಗಲೇ ಹೇಳಲಾಗದು, ಕೈಕಾಲು ಆಡಿಸುತ್ತಿರಿ ಎಂದರು. ಎರಡು ತಿಂಗಳಿಗೆ ಮನೆಗೆ ಬಂದೆ. ಗೋಡೆ ಹಿಡಿದು ನಿಲ್ಲುತ್ತಿದ್ದೆ. ಆದರೆ ಪಾದಗಳು ಮಾತ್ರ ಬೇರೆ ಯಾರದೋ! ಕೆಂಡ ತುಳಿದರೂ ಗೊತ್ತಾಗುತ್ತಿರಲಿಲ್ಲ. ಊರೆಲ್ಲ ಓಡಾಡುತ್ತಿದ್ದ ನಾನು ಜಗಲಿಯಲ್ಲಿ ಕೂತು ಎಲ್ಲರ ಮೇಲೂ ಸಿಡುಕುತ್ತಿದ್ದೆ.

ಪಕ್ಕದ ಬೀದಿಯಲ್ಲಿದ್ದ ಮಡಕೆ ತಾತ ನನ್ನನ್ನು ನೋಡಲು ಬಂದ. ಅಪ್ಪ ಹೇಳಿದ ಡಾಕ್ಟರ ಮಾತನ್ನೆಲ್ಲ ಕೇಳಿ ತಲೆ ಕೆರೆದುಕೊಂಡ.

"ಅಂದ್ರೆ ಒಲ ಕಾಯಕ್ಕೆ ಕಟ್ಟಿದ್ ನಾಯಿ ಕಾಡಂದಿ ಓಡಿಸ್ಬುಟ್ಟು, ಅದೇ ರೋಸದಲ್ಲಿ ಮನೆಯೋರ ಕಾಲ್ಗೆ ಬಾಯಾಕ್ತು ಅನ್ನು. ನಾಯಿ ಸುಮ್ಕಾಯ್ತದೆ ಬುಡು. ನಾಳಿಂದ ನಮ್ಮನೆತಾವ ಬಂದು ಮಣ್ಣು ತುಳಿ ಕೂಸು."

ನಮ್ಮವ್ವ ಮೂಗು ಮುರಿದಳು. ಅಪ್ಪ ಕೈಹಿಡಿದು ಕರೆದುಕೊಂಡು ಹೋದ.

ಹೊಂಗೆ ಮರದ ಕೊಂಬೆಗೆ ಹಗ್ಗ ಕಟ್ಟಿ, ಕೆಳಗೆ ಕಲಸಿದ ಮಣ್ಣಿನ ರಾಶಿ ಇಟ್ಟಿದ್ದ ತಾತ. ನಾನು ಹಗ್ಗ ಹಿಡಿದು ತುಳಿಯಬೇಕು. "ಎಡ, ಬಲ, ಎಡ! ಏಯ್, ಮಣ್ಣ ತುಳಿಯವ್ವ ಅಂದ್ರೆ ಮುದ್ದು ಮಾಡ್ತಾ ನಿಂತವ್ಳಲ್ಲ!" ಬಿದ್ದರೆ ಹಲ್ಲು ಬಿಟ್ಟು ನಗುತ್ತಿದ್ದ. ಒಂದು ದಿನ ರೇಗಿ ಮಣ್ಣಿನ ಮುದ್ದೆಯನ್ನೇ ಎಸೆದೆ. ಎದೆಗೆ ಬಿತ್ತು. "ಕೈ ಬಂತು, ಇನ್ನು ಕಾಲು!" ಎಂದು ಚಪ್ಪಾಳೆ ಹೊಡೆದ. ಇಂಥವರ ಮೇಲೆ ಸಿಟ್ಟು ಮಾಡಿಕೊಂಡಾದರೂ ಏನು ಮಾಡುವುದು?

ದಿನವೂ ಕೊನೆಗೆ ಒಂದೇ ಪ್ರಶ್ನೆ.

"ಕಲ್ಲು ಸಿಕ್ತಾ ಕೂಸು?"

"ಇಲ್ಲ ತಾತ."

"ಅಂಗಾದ್ರೆ ನಮ್ ಕೆರೆಮಣ್ಣು ಬೆಣ್ಣೆ ಕಣವ್ವ."

ಒಂದು ಸಲ ಸುಟ್ಟು ತೆಗೆದಾಗ ರಾಗಿ ತುಂಬುವ ದೊಡ್ಡ ಗುಡಾಣ ಸೀಳಿತ್ತು. ತಾತನ ಹೆಂಡತಿ, ನಾವೆಲ್ಲ ಅಜ್ಜಿ ಅನ್ನುತ್ತಿದ್ದವಳು, ತಾತನಿಗೆ ಮಂಗಳಾರತಿ ಎತ್ತಿದಳು. ನನ್ನ ಸತ್ತ ಕಾಲಿನಿಂದಲೇ ಕಲ್ಲು ಉಳಿಯಿತು ಎಂದು ನಾನು ಗೊಳೋ ಎಂದು ಅತ್ತೆ. "ಗುಡಾಣಕ್ಕೆ ಒಟ್ಟೆನೋವು ಬಂದಿತ್ತು, ಬುಡು" ಎಂದ ತಾತ.

ಅದಾಗಿ ತಿಂಗಳಿರಬಹುದು. ಹಗ್ಗ ಹಿಡಿದು ತುಳಿಯುತ್ತಿದ್ದೆ. ಬಲಗಾಲ ಹೆಬ್ಬೆರಳ ಕೆಳಗೆ ಚುಳುಕ್!

"ಅಯ್ಯಪ್ಪಾ!"

"ಏನಾಯ್ತವ್ವ?"

"ನೋಯ್ತದೆ ತಾತ!"

"ನೋಯ್ತದಾ? ಇನ್ನೊಂದ್ಸಲ ಅನ್ನು!"

"ನೋಯ್ತದೆ! ನೋಯ್ತದೆ!"

ನಮ್ಮ ಕೂಗಿಗೆ ಹಾವೋ ಏನೋ ಎಂದು ಬೀದಿಯವರು ದೊಣ್ಣೆ ಹಿಡಿದು ಬಂದರೆ, ತಾತ ಮಣ್ಣಿನ ರಾಶಿಯ ಮೇಲೆ ಕುಣಿಯುತ್ತಿದ್ದ. ಅಜ್ಜಿ ಎಲ್ಲರ ಕೈಗೂ ಬೆಲ್ಲ ಕೊಟ್ಟಳು. ನೋವಾಯಿತೆಂದು ಬೆಲ್ಲ ಹಂಚಿದ ಮನೆ ನಮ್ಮ ಸೀಮೆಯಲ್ಲಿ ಅದೊಂದೇ ಇರಬೇಕು. ಮುಂದಿನ ರಾಗಿ ಸುಗ್ಗಿಗೆ ಹಗ್ಗ ಬಿಟ್ಟು ನಡೆದೆ, ಕಣದಲ್ಲಿ ಎಲ್ಲರ ಜೊತೆ ಓಡಾಡಿದೆ.

ಎಂಟು ವರ್ಷದ ಮೇಲೆ ತಾತ ತೀರಿಕೊಂಡ. ಹನ್ನೊಂದನೆಯ ದಿನ ಗಂಡನ ಊರಿನಿಂದ ಬಂದು ಅಜ್ಜಿಯ ಪಕ್ಕ ಕೂತೆ. "ಅವತ್ತು ಆ ಒಂದು ಕಲ್ಲು ತಾತನ ಕಣ್ಣು ತಪ್ಪಿಸಿ ಉಳಿದಿದ್ದು ನನ್ನ ಪುಣ್ಯ ಅಜ್ಜಿ" ಎಂದೆ.

ಅಜ್ಜಿ ನನ್ನ ಮುಖ ನೋಡಿದಳು. "ನಿಮ್ ತಾತನ ಕಾಲ್ಗೆ ತಪ್ಪಿಸ್ಕೊಳ್ಳೋ ಕಲ್ಲೂ ಅದಾ? ನೀನು ಬರೋ ಮುಂಚೆನೇ ಮಣ್ಣ ಪೂರಾ ತುಳ್ದು ಮಡಗ್ತಿತ್ತು. ಆಮೇಲೆ ದಿನಾ ಒಂದ್ ಕಲ್ಲ ತಾನೇ ಒಳಕ್ಕಾಕ್ತಿತ್ತು. ನೀನ್ ಮನೆಗೋದ್ಮೇಲೆ ಕೂತ್ಕಂಡು ತಡಕಾಡಿ ತಗೀತಿತ್ತು. ಒಂದಿನ ಸಿಕ್ನಿಲ್ಲ. ಅದೇ ಆ ಗುಡಾಣ."

ಸಾವಿನ ಮನೆಯಲ್ಲಿ ನಗಬಾರದು, ನನಗೂ ಗೊತ್ತು. ಎದ್ದು ಚಪ್ಪಲಿ ಇಲ್ಲದೆ ಹೊಂಗೆ ಮರದ ಕೆಳಗೆ ಹೋಗಿ ನಿಂತೆ. ಒಣಗಿದ ಮಣ್ಣಿನ ಹೆಂಟೆಗಳು ಪಾದಕ್ಕೆ ಚೆನ್ನಾಗಿಯೇ ಚುಚ್ಚಿದವು. ಕಣ್ಣೀರು ಸುರಿಯುತ್ತಿದ್ದರೂ ಜೋರಾಗಿ ನಕ್ಕುಬಿಟ್ಟೆ.

"ಸಿಕ್ಕಾಕ್ಕಂಡ್ಯಾ ತಾತ!"