ನಾವೇ ಅಗೆದ ಮೋರಿ

ಕಾವೇರಿ ನೀರಿನ ಗಲಾಟೆ ಜೋರಾಗಿದ್ದ ವರ್ಷ, ನಮ್ಮೂರಿನಿಂದ ಪಾಂಡವಪುರಕ್ಕೆ ಹೋಗುವ ರಸ್ತೆಯ ಮೋರಿಯನ್ನು ಅಗೆದು ಹಾಕಿದವರಲ್ಲಿ ನಾನೂ ಒಬ್ಬ. ಪೊಲೀಸ್ ವ್ಯಾನು ಊರೊಳಗೆ ಬರಬಾರದು ಎಂದು ನಮ್ಮೂರಿನ ಮುಖಂಡ ಹೇಳಿದ್ದ. ನಾವು ಹಾರೆ ಹಿಡಿದೆವು. ಕಲ್ಲುಚಪ್ಪಡಿಗಳು ದಡದಡ ಕೆಳಗೆ ಬಿದ್ದಾಗ ಶಿಳ್ಳೆ ಹೊಡೆದೆವು.

ಗಲಾಟೆ ತಣ್ಣಗಾಯಿತು, ಮೋರಿ ಮಾತ್ರ ಹಾಗೇ ಉಳಿಯಿತು. ಊರ ಚರಂಡಿಯ ನೀರೆಲ್ಲ ಅಲ್ಲಿ ಕಟ್ಟಿಕೊಂಡಿತು. ಸತ್ತ ನಾಯಿಯೊಂದು ಉಬ್ಬಿ ವಾರಗಟ್ಟಲೆ ತೇಲಿತು. ಸರ್ಕಾರಕ್ಕೆ ಅರ್ಜಿ ಕೊಡೋಣ ಎನ್ನುತ್ತಲೇ ಇದ್ದ ಮುಖಂಡ.

ಒಂದು ಮಧ್ಯಾಹ್ನ ನನ್ನ ಅತ್ತಿಗೆಗೆ ಹೆರಿಗೆ ನೋವು ಶುರುವಾಯಿತು. ಆಸ್ಪತ್ರೆಗೆ ಕರೆದೊಯ್ಯಲು ಬಂದ ಕಾರು ಮೋರಿಯ ಆಚೆಯೇ ನಿಂತಿತು. ನಾಲ್ವರು ಹೆಂಗಸರು ಅತ್ತಿಗೆಯನ್ನು ಕಂಬಳಿಯಲ್ಲಿ ಹೊತ್ತು ಸೊಂಟದ ಮಟ್ಟದ ಕೊಚ್ಚೆಗೆ ಇಳಿದರು. ನಡುವೆ ಒಬ್ಬಳು ಜಾರಿದಳು, ಅತ್ತಿಗೆಯ ಬೆನ್ನು ಆ ಕಪ್ಪು ನೀರಿನಲ್ಲಿ ಮುಳುಗಿತು. ದಡದಲ್ಲಿ ನಾವೊಂದಿಷ್ಟು ಗಂಡಸರು ಮೂಗಿಗೆ ಟವಲು ಹಿಡಿದು ನೋಡುತ್ತಿದ್ದೆವು.

ತಾಯಿ ಮಗು ಇಬ್ಬರೂ ಉಳಿದರು.

ಮರುದಿನ ಬೆಳಗ್ಗೆ ಅದೇ ಹೆಂಗಸರು ಮಂಕರಿ, ಗುದ್ದಲಿ ತಂದು ಕೆಲಸಕ್ಕೆ ನಿಂತರು. ಅವರಲ್ಲಿ ಹಿರಿಯವಳು ನನ್ನ ದೊಡ್ಡಮ್ಮ. ನನ್ನನ್ನು ನೋಡಿ, "ಅಂಗೆ ನಿಂತ್ಕಬ್ಯಾಡ ಕಣ್ಲಾ. ಅಗ್ದಿದ್ದು ನೀನೇ ಅಲ್ವಾ? ಇಳಿ," ಎಂದಳು.

ಇಳಿದೆ. ಚಪ್ಪಡಿ ಹುಡುಕಲು ಕೈ ಹಾಕಿದರೆ ಬೆರಳಿಗೆ ಏನೇನೋ ಸಿಗುತ್ತಿತ್ತು. ಎರಡು ಸಲ ವಾಂತಿ ಮಾಡಿದೆ. ಎಷ್ಟು ಸೋಪು ಹಚ್ಚಿದರೂ ಉಗುರಿನ ನಾತ ಹೋಗದೆ ಚಮಚದಲ್ಲಿ ಅನ್ನ ತಿಂದೆ.

ಮುಖಂಡ ದಡದ ಮೇಲೆ ಬಂದು ನಿಂತ. "ನಾವು ಅಗ್ದಿದ್ದು ನೀರಿಗೋಸ್ಕರ ಕಣಕ್ಕ. ಅದ್ರಲ್ಲಿ ತಪ್ಪೇನೈತೆ?"

ದೊಡ್ಡಮ್ಮ ತಲೆ ಎತ್ತಲಿಲ್ಲ. "ನೀರು ಇಲ್ಲೇ ಐತಲ್ಲಪ್ಪ, ಇಳ್ಕ."

ಅವನು ಚಪ್ಪಲಿಗೆ ಮೆತ್ತಿದ ಕೆಸರನ್ನು ಹುಲ್ಲಿಗೆ ಒರೆಸಿಕೊಂಡು ಹೋದ.

ಪಕ್ಕದೂರಿನ ಗಾರೆ ಕೆಲಸದವನೊಬ್ಬ ತಾನಾಗಿ ಬಂದು ಸೇರಿದ. ಆಮೇಲೆ ಇನ್ನಷ್ಟು ಗಂಡಸರು ನಾಚಿಕೊಂಡು ಇಳಿದರು. ವಾರದೊಳಗೆ ಎತ್ತಿನಗಾಡಿ ದಾಟಿತು, ತಿಂಗಳೊಳಗೆ ಬಸ್ಸು ಬಂತು.

ಬಸ್ಸು ಬಂದ ದಿನ ಮುಖಂಡ ಹಾರ, ತೆಂಗಿನಕಾಯಿ, ಫೋಟೋಗ್ರಾಫರನ ಸಮೇತ ಹಾಜರಾದ. ಹೆಂಗಸರೆಲ್ಲ ಗದ್ದೆಯಲ್ಲಿ ನಾಟಿಗೆ ಹೋಗಿದ್ದರು. ಅವರನ್ನು ಕರೆಸಿ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕಾಯಿ ಒಡೆದ ಮುಖಂಡ ನನ್ನ ಹೆಗಲ ಮೇಲೆ ಕೈ ಹಾಕಿದ. ಆ ಕೈಯನ್ನು ಕೊಡವಿ ಹೊರಡಬಹುದಿತ್ತು. ನಾನು ಕ್ಯಾಮೆರಾ ನೋಡಿ ನಕ್ಕೆ.

ಆ ಫೋಟೋ ಬಹಳ ವರ್ಷ ಅವನ ಜಗಲಿಯ ಗೋಡೆಯಲ್ಲಿತ್ತು. ಅದನ್ನು ಕಂಡಾಗೆಲ್ಲ ಅವನ ಮುಖಕ್ಕಿಂತ ನನ್ನ ಹಲ್ಲುಕಿರಿದ ಮುಖ ನೋಡಿಯೇ ಹೆಚ್ಚು ಹೇಸಿಗೆಯಾಗುತ್ತಿತ್ತು.