ನಳ ಬರುವ ತನಕ ಹೇಳದ ಹೆಸರು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇಂದು ಬಾಣಂತಿಗೂ ಕೂಸಿಗೂ ಎರೆಯಲು ನಾನೇ ಅಂಗಳದ ನಳ ತಿರುವಿ ಹಂಡೆ ತುಂಬಿದೆ. ನೀರು ಧೋ ಎಂದು ಬೀಳುವುದನ್ನು ನೋಡುತ್ತ ನಗುವೂ ಅಳುವೂ ಕೂಡಿಯೇ ಬಂದವು. ನನಗೆ ಅಕ್ಷರ ಅಷ್ಟಕ್ಕಷ್ಟೇ. ಆದರೂ ಈ ನಳದ ಕಥೆ ಬರೆಯದೆ ಇರಲಾರೆ.

ಧಾರವಾಡದಿಂದ ಸೊಸೆಯಾಗಿ ಪುಣೆಯ ಈ ವಾಡೆಗೆ ಬಂದಾಗ ಒಂದೇ ಅಂಗಳದ ಸುತ್ತ ನಮ್ಮ ಕನ್ನಡದವರದೇ ಐದಾರು ಸಂಸಾರಗಳಿದ್ದವು, ನಳವಿರಲಿಲ್ಲ. ಪೇಟೆಯ ಆಚೆಗಿದ್ದ ಕಲ್ಲಿನ ಹೌದಿನಿಂದ, ಅಂದರೆ ಊರ ನೀರಿನ ತೊಟ್ಟಿಯಿಂದ, ನೀರು ಹೊತ್ತು ತರಬೇಕು. ಅಷ್ಟರಲ್ಲಿ ನಾನು ಬಸುರಿಯಾದೆ. ತವರಿನಲ್ಲಿ ತಾಯಿ ಇಲ್ಲ, ಬಾಣಂತನ ಇಲ್ಲಿಯೇ ಆಗಬೇಕು. ಅತ್ತೆಗೆ ಮೊಣಕಾಲು ನೋವು. ದಿನಾ ಹಂಡೆ ನೀರು ಯಾರು ತರಬೇಕು?

ನಗರಸಭೆಯ ಅಧ್ಯಕ್ಷರೆಂದರೆ ರಾಜರಿದ್ದಂತೆ ಎಂದು ಅತ್ತೆ ತಿಳಿದಿದ್ದರು. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಅವರ ಹೆಂಡತಿಯನ್ನೇ ಕರೆದರು. ಆಕೆಯ ತವರು ಬೆಳಗಾವಿ, ಕನ್ನಡ ಬರುತ್ತಿತ್ತು. ಉಡಿ ತುಂಬುತ್ತಲೇ ಅತ್ತೆ ಕೇಳಿದರು: "ಬಾಯಾರ, ನಿಮ್ಮ ಯಜಮಾನ್ರು ಒಂದು ಮಾತು ಅಂದ್ರ ನಳ ಬಂದ್ಹಂಗ ನೋಡ್ರಿ."

"ಅಯ್ಯ, ಅವರು ಅಂದ್ರ ನಮ್ಮನಿ ಆಳೂ ಏಳಂಗಿಲ್ರಿ! ಮೆಂಬರ್ರು ಕೈ ಎತ್ತಬೇಕು, ಆಮ್ಯಾಲ ಎಂಜಿನಿಯರ್ರು ಪೈಪು ಹಾಕಸಬೇಕು."

"ಹಂಗಾದ್ರ ಅಧ್ಯಕ್ಷರ ಕೆಲಸರ ಏನ್ರಿ?"

"ಜಗಳಾಡೋರನ್ನ ಒಂದ ಕಡೆ ಕೂಡಸೂದು. ಮನಿ ತುಂಬ ಸೊಸ್ತ್ಯಾರು ಇರೋ ಅತ್ತಿ ಇದ್ದಂಗ."

"ಹಂಗಂದ್ರ ಭಾಳ ಕಷ್ಟದ್ದು ಬಿಡ್ರಿ," ಎಂದು ಅತ್ತೆ ನನ್ನ ಕಡೆ ನೋಡಿದರು. ಹೆಂಗಸರೆಲ್ಲ ನಕ್ಕರು. ಅದೇ ನಗುವಿನಲ್ಲಿ, ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳು ಎಂದು ನನಗೆ ಗಂಟುಬಿದ್ದರು. ನನಗೆಲ್ಲಿಂದ ಧೈರ್ಯ ಬಂತೋ!

"ಹೌದಿನ ದಾರಿ ದೂರ, ಹೊತ್ತ ಕೊಡ ಭಾರ,
ಅಂಗಳಕ್ಕ ನಳ ಬರೂತನಕ ರಾಯರ ಹೆಸರು ಹೇಳಂಗಿಲ್ಲ ಪೂರ!"

ಅತ್ತೆ ನನ್ನ ತೋಳು ಚಿವುಟಿದರು. ಅಧ್ಯಕ್ಷರ ಹೆಂಡತಿ ಮಾತ್ರ ನನ್ನ ಗಲ್ಲ ಹಿಡಿದು, "ಇದನ್ನ ಮನ್ಯಾಗ ಹೇಳ್ತೀನಿ ತಡಿ," ಎಂದರು.

ಹೇಳಿಯೇ ಇರಬೇಕು. ಒಂದು ಮುಂಜಾನೆ ಅಧ್ಯಕ್ಷರು ಮೂವರು ಮೆಂಬರರನ್ನು ಕರೆದುಕೊಂಡು ವಾಡೆಗೆ ಬಂದರು. ಒಬ್ಬರಿಗೆ ತಮ್ಮ ಓಣಿಯ ದೀಪ ಮೊದಲು, ಇನ್ನೊಬ್ಬರಿಗೆ ಗಟಾರ, ಮತ್ತೊಬ್ಬರಿಗೆ ರಸ್ತೆ. ಕಟ್ಟೆಯ ಮೇಲೆ ಕುಳಿತೂ ಜಗಳ ನಿಲ್ಲಲಿಲ್ಲ. ಅತ್ತೆ ಒಳಗಿನಿಂದ ಖಾಲಿ ಕೊಡಗಳನ್ನು ತಂದು ಮುಂದಿಟ್ಟರು. "ಚಹಾ ಮಾಡ್ತೀನ್ರಿ. ನೀರಷ್ಟ ತಂದುಕೊಡ್ರಿ."

ಅಧ್ಯಕ್ಷರು ಧೋತರ ಎತ್ತಿ ಕಟ್ಟಿ ಒಂದು ಕೊಡ ಹಿಡಿದರು. ಉಳಿದವರು ಏನು ಮಾಡಿಯಾರು? ಹೌದಿನಿಂದ ತಿರುಗಿ ಬಂದಾಗ ಒಬ್ಬರ ಪಗಡಿ ಕಿವಿಗೆ ಇಳಿದಿತ್ತು, ಒಬ್ಬರ ಕೊಡ ಅರ್ಧ ಚೆಲ್ಲಿತ್ತು. ಆ ದಿನದ ಚಹಾದಷ್ಟು ರುಚಿಯ ಚಹಾ ತಾವು ಕುಡಿದೇ ಇಲ್ಲ ಎಂದರಂತೆ. ಮುಂದೆ ಸಭೆಯಲ್ಲಿ ಅಧ್ಯಕ್ಷರು ನಳದ ಪರವಾಗಿ ಒಂದು ಮಾತೂ ಆಡಲಿಲ್ಲವಂತೆ. "ಕೈ ಎತ್ತಿರಿ" ಎಂದರಂತೆ ಅಷ್ಟೇ. ಆ ಮೂವರ ಕೈಗಳು ಎಲ್ಲರಿಗಿಂತ ಮೊದಲು ಎದ್ದವಂತೆ.

ನನಗೆ ದಿನ ತುಂಬುತ್ತಿದ್ದಾಗ ನಳ ಬಂತು. ಹೆಂಗಸರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕುಬುಸದ ಖಣ ಸುತ್ತಿದರು, ಥೇಟ್ ಗೌರಿಯ ಹಾಗೆ. ಕಚೇರಿಗೆ ಹೊರಟಿದ್ದ ನಮ್ಮ ಯಜಮಾನರು ಬಾಗಿಲಲ್ಲೇ ನಿಂತಿದ್ದರು. ನಾನು ನಳ ತಿರುವಿ, ಒಡಪು ಗಿಡಪು ಏನೂ ಇಲ್ಲದೆ, ಅವರ ಹೆಸರನ್ನು ಕೂಗಿಯೇಬಿಟ್ಟೆ. ಅವರು ಛತ್ರಿ ಮರೆತು ಓಡಿದರು! ಆ ಹೆಸರು ಇಲ್ಲಿ ಬರೆಯಲಾರೆ, ಈಗಲೂ ನಾಚಿಕೆ.

ಹೆತ್ತ ಮೇಲೆ ಅತ್ತೆ ನನಗೆ ಎರೆಯುತ್ತ, "ಸಾಕು ಅನಬ್ಯಾಡ, ಹೊತ್ತು ತಂದ ನೀರಲ್ಲ," ಎನ್ನುತ್ತಿದ್ದರು. ಅಂದು ಹುಟ್ಟಿದ ಮಗಳೇ ಇಂದಿನ ಬಾಣಂತಿ. "ಅವ್ವಾ, ಸಾಕ ಬಿಡ," ಎಂದಳು. ನಾನು ಅತ್ತೆಯ ಮಾತನ್ನೇ ಹೇಳಿ ಇನ್ನೊಂದು ತಂಬಿಗೆ ಸುರಿದೆ.