ಏಳನೇ ನಂಬರಿನ ತಗಡು

ನನ್ನ ತಾಯಿಯ ತವರಿನಲ್ಲಿ ಒಂದು ಕಾರಿತ್ತು. ಹುನಗುಂದದ ಅಜ್ಜನ ಮನೆಯ ದನದ ಕೊಟ್ಟಿಗೆಗೆ ಹೊಂದಿಕೊಂಡ ತಗಡಿನ ಶೆಡ್ಡಿನಲ್ಲಿ ಅದು ಕುಳಿತಿರುತ್ತಿತ್ತು. ಅಜ್ಜ ಹತ್ತಿಯ ವ್ಯಾಪಾರದಲ್ಲಿ ಕೈತುಂಬ ಗಳಿಸಿದವನು. ಸಂಸ್ಥಾನಗಳು ಮುಗಿದುಹೋದ ಹೊತ್ತಿನಲ್ಲಿ ಆ ಕಡೆಯ ಯಾವುದೋ ಸಣ್ಣ ರಾಜನ ವಾಡೆಯಿಂದ ಅದನ್ನು ಕೊಂಡು ತಂದಿದ್ದನಂತೆ. ಕಪ್ಪು ಬಣ್ಣದ ವಿಲಾಯತಿ ಗಾಡಿ. ಅದರ ಮುಂದೆ ಒಂದು ಕೆಂಪು ತಗಡು. ತಗಡಿನ ಮೇಲೆ ಸಂಸ್ಥಾನದ ಹೆಸರು, ಪಕ್ಕದಲ್ಲಿ ಏಳು ಎಂಬ ಒಂದೇ ಅಂಕಿ. ಹಿಂದಿನ ತಗಡು ಎಂದೋ ತುಕ್ಕು ಹಿಡಿದು ಉದುರಿತ್ತು.

ಒಂದಂಕಿಯ ನಂಬರೆಂದರೆ ರಾಜನ ಸ್ವಂತ ಗಾಡಿ, ಎರಡಂಕಿಯದು ದಿವಾನನದು, ಮೂರಂಕಿಯದು ಕಂಡಕಂಡವರದು ಎಂದು ನನ್ನ ಇಬ್ಬರು ಸೋದರಮಾವಂದಿರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಏಳನೆಯ ಗಾಡಿ ರಾಜನ ಅಡುಗೆಯವನಿಗೆ ಕಾಯಿಪಲ್ಲೆ ತರಲು ಇಟ್ಟದ್ದೂ ಇರಬಹುದು ಎಂದು ನನ್ನ ಅಪ್ಪ ಒಮ್ಮೆ ಅಂದುಬಿಟ್ಟ. ದೊಡ್ಡ ಮಾವ ಆಮೇಲೆ ಬಹಳ ದಿನ ನಮ್ಮ ಮನೆಯಲ್ಲಿ ನೀರು ಸಹ ಕುಡಿಯಲಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ಅಜ್ಜ ತೀರಿಕೊಂಡ. ಆಸ್ತಿ ಹಂಚಲು ಊರ ಹಿರಿಯರು ಪಡಸಾಲೆಯಲ್ಲಿ ಕೂತರು. ದೊಡ್ಡ ಮಾವ ಬಾಗಲಕೋಟೆಯಲ್ಲಿ ಗುತ್ತಿಗೆದಾರ, ಸಣ್ಣ ಮಾವ ಇಳಕಲ್ಲಿನಲ್ಲಿ ಸೀರೆಯ ಅಂಗಡಿಯವನು. ಅವರಿಬ್ಬರ ನಡುವಿನವಳು ನನ್ನ ಅವ್ವ. ಬಾದಾಮಿಗೆ ಕೊಟ್ಟ ಹೆಣ್ಣು. ಹಂಚಿಕೆಯ ದಿನ ಅವಳು ಒಳಗೆ ಒಲೆಯ ಮುಂದೆ ಕೂತು ಹಿರಿಯರಿಗೆ ರೊಟ್ಟಿ ಬಡಿಯುತ್ತಿದ್ದಳು. ಹೊಲ, ಮನೆ, ದನ, ತಾಮ್ರದ ಹಂಡೆ ಎಲ್ಲವೂ ಜಗಳವಿಲ್ಲದೆ ಪಾಲಾದವು. ಕಾರಿನ ಹತ್ತಿರ ಬಂದು ಎಲ್ಲವೂ ನಿಂತಿತು. ಹಿರಿಯ ಮಗ ನಾನು, ಕಾರು ನನ್ನದು ಎಂದು ದೊಡ್ಡ ಮಾವ. ಅಪ್ಪನನ್ನು ಕೂರಿಸಿಕೊಂಡು ಓಡಿಸಿದವನು ನಾನು ಎಂದು ಸಣ್ಣ ಮಾವ. ಹಸಿದ ಹಿರಿಯರು ಒಳಗಿನಿಂದ ಬರುವ ರೊಟ್ಟಿಯ ವಾಸನೆಗೆ ಕುತ್ತಿಗೆ ತಿರುಗಿಸುತ್ತಿದ್ದರು.

ಕೊನೆಗೆ ಸಣ್ಣ ಮಾವ ಅಂದ: "ಕಾರ ಅಣ್ಣನ ಇಟ್ಕೊಳ್ಳಲಿ. ನನಗ ನಂಬರ್ ಕೊಡ್ರಿ."

"ನಂಬರ್ ಅಂದ್ರ ಏನೋ ತಮ್ಮಾ?" ಎಂದು ಒಬ್ಬ ಹಿರಿಯ ಕೇಳಿದ.

"ಆ ಕೆಂಪು ತಗಡು. ಅಪ್ಪನ ಮರ್ಯಾದಿ ಇರೂದು ಅದರಾಗ. ಉಳದದ್ದು ಬರೇ ಕಬ್ಬಿಣ."

ಬುದ್ಧಿಯಿದ್ದವರು ನಗಬೇಕಾಗಿತ್ತು. ಹಿರಿಯರು ನಗಲಿಲ್ಲ, ಕಾರು ದೊಡ್ಡವನಿಗೆ, ನಂಬರು ಸಣ್ಣವನಿಗೆ ಎಂದು ತೀರ್ಪು ಕೊಟ್ಟು ಕೈ ತೊಳೆಯಲು ಎದ್ದರು. ಸಣ್ಣ ಮಾವ ಅಂದೇ ಒಂದು ಸ್ಕ್ರೂಡ್ರೈವರ್ ಹುಡುಕಿ ತಂದು ತಗಡು ಬಿಚ್ಚಿಕೊಂಡ. ಅವ್ವನನ್ನು ಹೊರಗೆ ಕರೆದು, ತನಗೇನೂ ಬೇಡವೆಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಪ್ರತಿಯಾಗಿ ಸಣ್ಣ ಮಾವ ತನ್ನ ಅಂಗಡಿಯ ಸೀರೆಯೊಂದನ್ನು ಅವಳ ಉಡಿಗೆ ಹಾಕಿದ. ಬಾದಾಮಿಗೆ ಬಂದು ಬಿಚ್ಚಿ ನೋಡಿದರೆ ಸೆರಗಿನ ತುಂಬ ಎಳೆ ತಪ್ಪಿತ್ತು. ಗಿರಾಕಿಗಳು ಬೇಡವೆಂದು ಬಿಟ್ಟುಹೋದ ಸೀರೆ.

ಅದಾಗಿ ಕೆಲವು ವರ್ಷಕ್ಕೆ ನಾನು ವಿದ್ಯಾಗಿರಿಯ ಕಾಲೇಜಿನಲ್ಲಿ ಬಿ.ಎ. ಓದಲು ಬಾಗಲಕೋಟೆಗೆ ಹೋಗಿ ದೊಡ್ಡ ಮಾವನ ಮನೆಯಲ್ಲಿ ಉಳಿದೆ. ಅಷ್ಟರಲ್ಲಿ ಅವನು ಹುನಗುಂದದಿಂದ ಕಾರನ್ನು ಲಾರಿಗೆ ಹಗ್ಗ ಕಟ್ಟಿ ಎಳೆತಂದಿದ್ದ. ಮೆಕ್ಯಾನಿಕ್ ಒಬ್ಬ ಬಹಳ ದಿನ ಒದ್ದಾಡಿ ಅದಕ್ಕೆ ಉಸಿರು ಬರಿಸಿದ್ದ. ಅದು ಕೆಮ್ಮುತ್ತ ಓಣಿಯಲ್ಲಿ ಒಂದು ಸುತ್ತು ಬಂದ ದಿನ ಮಾವ ತೆಂಗಿನಕಾಯಿ ಒಡೆದ. ಅಂದಿನಿಂದ ಅವನಿಗೆ ಹೊಸ ಹುಚ್ಚು ಹಿಡಿಯಿತು. ಕಾರನ್ನು ತನ್ನ ಹೆಸರಿಗೆ ಮಾಡಿಸಬೇಕು, ಸರ್ಕಾರ ಅದಕ್ಕೆ ಅದೇ ಏಳನೇ ನಂಬರನ್ನು ಕೊಡಬೇಕು. ಸರ್ಕಾರವೇ ನಂಬರು ಕೊಟ್ಟ ಮೇಲೆ ಇಳಕಲ್ಲಿನ ತಗಡಿಗೆ ಏನು ಕಿಮ್ಮತ್ತು ಎಂಬುದು ಅವನ ಲೆಕ್ಕಾಚಾರ.

ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ಕೆಲಸ ಕಾಲೇಜು ಹುಡುಗಿಯಾದ ನನ್ನ ಪಾಲಿಗೆ ಬಂತು. ಮಾವ ಜೋಕಾಲಿಯಲ್ಲಿ ಕೂತು ಹೇಳುತ್ತಿದ್ದ.

"ಹಿಸ್ಟಾರಿಕಲ್ ಕಾರ ಅಂತ ಹಾಕು."

"ಹಾಕೀನಿ ಮಾಮಾ."

"ನಂಬರೂ ಹಿಸ್ಟಾರಿಕಲ್ ಅಂತ ಹಾಕು. ಎರಡೂ ಕಡೆ ಇರಲಿ."

ವಾಹನ ತಪಾಸಣೆಯ ಇನ್‌ಸ್ಪೆಕ್ಟರು ಆಗಾಗ ಬಾಗಲಕೋಟೆಗೆ ಬಂದು ಒಂದು ಮೈದಾನದಲ್ಲಿ ಗಾಡಿಗಳನ್ನು ನೋಡುತ್ತಿದ್ದರು. ಮೈಸೂರಿನ ಕಡೆಯ ತೆಳ್ಳಗಿನ ಮನುಷ್ಯ. ಟ್ರ್ಯಾಕ್ಟರು, ಲಾರಿಗಳ ಸಾಲಿನಲ್ಲಿ ನಮ್ಮ ಕಾರನ್ನು ಕಂಡು ಅವರ ಮುಖ ಅರಳಿತು. ಸುತ್ತಲೂ ಒಮ್ಮೆ ನಡೆದು ಮುಂದೆ ಬಂದು ನಿಂತರು.

"ನಂಬರ್ ಪ್ಲೇಟ್ ಎಲ್ಲಿ?"

"ಅದು ತಮ್ಮನ ಪಾಲಿಗೆ ಹೋಗೇತ್ರಿ," ಎಂದ ಮಾವ.

"ಅಂದರೆ?"

"ಹಿಸ್ಸೆ ಆತಲ್ರಿ. ಕಾರ ನನಗ ಬಂತು, ನಂಬರ್ ಅವಗ ಹೋತು."

ಇನ್‌ಸ್ಪೆಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. "ಇಂಜಿನ್ ಯಾರ ಪಾಲಿಗೆ ಬಂತು?"

"ಅದೂ ನನಗ ಬಂದೇತ್ರಿ," ಎಂದ ಮಾವ, ಪೂರ್ತಿ ಗಂಭೀರವಾಗಿ. ಹಿಂದೆ ಅರ್ಜಿ ಹಿಡಿದು ನಿಂತಿದ್ದ ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು.

ಇನ್‌ಸ್ಪೆಕ್ಟರು ಬಿಡಿಸಿ ಹೇಳಿದರು. ಗಾಡಿ ತೀರಿಕೊಂಡ ತಂದೆಯದು. ಆದ್ದರಿಂದ ಅವರ ಮಕ್ಕಳೆಲ್ಲ ಒಪ್ಪಿಗೆಯ ಸಹಿ ಕೊಡಬೇಕು. ಹಳೆಯ ತಗಡನ್ನೂ ಒಮ್ಮೆ ತಂದು ತೋರಿಸಬೇಕು.

"ನೀವು ಎಷ್ಟು ಜನ ಮಕ್ಕಳು?"

"ಇಬ್ಬರ್ರಿ."

"ಮೂರು ಮಂದಿರಿ," ಎಂದೆ ನಾನು.

ಮಾವ ನನ್ನತ್ತ ಕಣ್ಣು ಬಿಟ್ಟ. "ಒಬ್ಬಾಕಿ ತಂಗಿ ಅದಾಳ್ರಿ. ಆಕಿನ್ನ ಬಾದಾಮಿಗೆ ಕೊಟ್ಟೇವಿ."

"ಎಲ್ಲಿಗೆ ಕೊಟ್ಟರೂ ಮಗಳೇ ತಾನೇ? ಅವರ ಸಹಿಯೂ ಬೇಕು."

ಸಣ್ಣ ಮಾವನನ್ನು ಒಲಿಸುವುದು ಬೇಗ ಆಯಿತು. ಅವನು ಕೆಂಪು ತಗಡನ್ನು ತನ್ನ ಅಂಗಡಿಯ ಬಾಗಿಲ ಮೇಲೆ ಹೊಡೆಸಿದ್ದ. ರಾಜಮನೆತನದ ಗೌರವ ತನ್ನ ಸೀರೆಗಳಿಗೂ ಹತ್ತಲಿ ಎಂದು ಅವನ ಆಸೆ. ಆದರೆ ಇಳಕಲ್ಲಿನ ಜನ ಅದನ್ನು ಅಂಗಡಿಯ ನಂಬರು ಅಂದುಕೊಂಡರು. ಏಳನೇ ನಂಬರ್ ಅಂಗಡಿ ಎಂದೇ ಹೆಸರು ಬಿತ್ತು. ಒಂದರಿಂದ ಆರರವರೆಗಿನವು ಎಲ್ಲಿವೆ ಎಂದು ಪರವೂರ ಹೆಂಗಸರು ಒಳಗೆ ಬಂದು ಕೇಳುತ್ತಿದ್ದರು. ಸಹಿ ಕೊಡಲು, ತಗಡು ತೋರಿಸಲು ಅವನು ಒಂದೇ ಷರತ್ತು ಹಾಕಿದ: ಮಗಳ ಮದುವೆಯ ಮೆರವಣಿಗೆಗೆ ಆ ಕಾರು ಬರಬೇಕು, ಅದರ ಮುಂದೆ ಈ ತಗಡು ಇರಬೇಕು. ಅಣ್ಣ ಒಪ್ಪಿದ.

ಉಳಿದವಳು ಅವ್ವ. ದೊಡ್ಡ ಮಾವ ಅಮೀನಗಡದ ಕರದಂಟು ಕಟ್ಟಿಸಿಕೊಂಡು ಬಾದಾಮಿಗೆ ಹೊರಟಾಗ, ರಜೆಯೆಂದು ನಾನೂ ಜೊತೆಗೆ ಬಂದಿದ್ದೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ಇಲ್ಲೊಂದು ಸಹಿ ಮಾಡು ತಂಗಿ."

"ಯಾತಕ್ಕ?"

"ಕಾರಿಗೆ."

"ಯಾ ಕಾರಿಗೆ?"

"ಅಪ್ಪನ ಕಾರಿಗೆವಾ."

"ಅಪ್ಪನ ಮನ್ಯಾಗ ಕಾರ ಇತ್ತೇನಣ್ಣಾ? ನಾ ಗಂಡನ ಮನಿಗೆ ಬಂದದ್ದು ಚಕ್ಕಡ್ಯಾಗ."

ಅದು ನಿಜ. ಅವಳ ಮದುವೆಯ ದಿನ ಯಾರೋ ದೊಡ್ಡ ಅಧಿಕಾರಿ ಬರುತ್ತಾರೆಂದು ಅಜ್ಜ ಕಾರನ್ನು ಅವರ ಸೇವೆಗೆ ಕಳಿಸಿದ್ದ. ಹೆಣ್ಣನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ್ದರು. ದಾರಿಯ ಧೂಳೆಲ್ಲ ತಲೆಗೆ ಕಟ್ಟಿದ ಹೂವಿನ ದಂಡಿಯ ಮೇಲೆ ಕೂತಿತ್ತು ಎಂದು ಅವ್ವ ಹಿಂದೊಮ್ಮೆ ಹೇಳಿದ್ದಳು.

"ಅದು ಹಳೇ ಮಾತು ಬಿಡು," ಎಂದ ಮಾವ.

"ಕಾರೂ ಹಳೇದ ಅಲ್ಲೇನು? ನನಗ ಏನೂ ಬ್ಯಾಡಂತ ಮೊದಲ ಬರಸಿಕೊಂಡೀರಿ. ಎಲ್ಲಾ ಬಿಟ್ಟುಕೊಟ್ಟಾಕಿಯ ಸಹಿ ನಿನಗ ಯಾಕ ಬೇಕು?"

"ಅದು ಹೊಲಮನಿದು. ಇದು ಮೋಟರಿಂದು."

"ಹಂಗಾರ ಮೋಟರಿಗೇ ಸಹಿ ಕೇಳು," ಎಂದು ಅವ್ವ ಮೊರ ಕೊಡವಿದಳು. ಹೊಟ್ಟು ಹಾರಿ ಮಾವನ ಬಿಳಿ ಧೋತರದ ಮೇಲೆ ಬಿತ್ತು.

ಅವನು ಮತ್ತೆ ಬಂದ, ಮಗದೊಮ್ಮೆ ಬಂದ. ಒಂದು ಸಲ ಕಣ್ಣಲ್ಲಿ ನೀರು ತಂದುಕೊಂಡು ಅಪ್ಪನ ಆತ್ಮ, ಮನೆತನದ ಹೆಸರು ಎಂದೆಲ್ಲ ಮಾತಾಡಿದ. ಹೊಲ ಹಂಚುವಾಗ ಆ ಆತ್ಮ ಯಾವ ಊರಿಗೆ ಹೋಗಿತ್ತೋ. ಕೊನೆಗೆ ಅವ್ವ ಬೇಸತ್ತು ಅಂದಳು: "ನಿನ್ನ ಪಾಲಿನ ಆ ಗರಸು ಹೊಲ ನನ್ನ ಹೆಸರಿಗೆ ಮಾಡು. ಆಮ್ಯಾಲ ಸಹಿ."

ಹುನಗುಂದದ ಹೊರಗೆ ಕಲ್ಲೇ ಹೆಚ್ಚಿದ್ದ ಸಣ್ಣ ತುಂಡು ನೆಲ ಅದು. ಅವನು ಸಿಟ್ಟಾಗಿ ಎದ್ದುಹೋಗಲಿ, ಮತ್ತೆ ಬಾರದಿರಲಿ ಎಂದೇ ಹಾಗೆ ಅಂದೆ ಎಂದು ಅವ್ವ ಆಮೇಲೆ ನನ್ನ ಹತ್ತಿರ ಹೇಳಿದಳು. ಮಾವ ಏಳಲಿಲ್ಲ. ಚಹಾ ಕುಡಿದು ಕಪ್ಪು ಕೆಳಗಿಡುವಷ್ಟರಲ್ಲಿ "ಆಗಲಿ" ಅಂದುಬಿಟ್ಟ. ಒಡಹುಟ್ಟಿದವಳು ಎಂಬ ಮಾತಿಗೆ ಕರಗದವನು, ಕಾನೂನಿಗೆ ಹೆದರದವನು, ಒಂದು ಅಂಕಿಗಾಗಿ ಭೂಮಿ ಬಿಟ್ಟುಕೊಟ್ಟ. ನನ್ನ ತಾಯಿಯ ತವರಿನ ಗಂಡಸರ ಬಗ್ಗೆ ನನಗೆ ಅಳಿದುಳಿದಿದ್ದ ಗೌರವ ಅಂದು ಆ ಕಪ್ಪಿನ ತಳದಲ್ಲಿ ಉಳಿಯಿತು.

ನೆಲ ಅವ್ವನ ಹೆಸರಿಗಾದ ಮೇಲೆ ಅವಳು ಸಹಿ ಹಾಕಿದಳು. ಮುಂದಿನ ತಪಾಸಣೆಯ ದಿನ ಸಣ್ಣ ಮಾವ ತಗಡನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಕೂಸಿನ ಹಾಗೆ ಬಾಗಲಕೋಟೆಗೆ ತಂದ. ಇನ್‌ಸ್ಪೆಕ್ಟರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬಾನೆಟ್ ಎತ್ತಿಸಿ, ಒಳಗೆ ಕೊರೆದ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡರು. ಬ್ರೇಕು ಹಾಕಿಸಿದರು, ಹಾರನ್ ಒತ್ತಿಸಿದರು, ಬರೆಯಬೇಕಾದದ್ದನ್ನು ಬರೆದರು. ಕೊನೆಗೆ ಹೊಸ ನಂಬರು ಹೇಳಿದರು. ಸಾಲಿನಲ್ಲಿ ನಮಗಿಂತ ಮೊದಲಿದ್ದ ಟ್ರ್ಯಾಕ್ಟರಿಗೆ ಸಿಕ್ಕಿದ್ದರ ನಂತರದ ನಂಬರು. ನಾಲ್ಕಂಕಿಯದು.

"ಏಳು?" ಎಂದ ದೊಡ್ಡ ಮಾವ.

"ಯಾವ ಏಳು?"

"ಅರ್ಜ್ಯಾಗ ಬರದೇವಲ್ರಿ, ಹಿಸ್ಟಾರಿಕಲ್ ಅಂತ?"

"ಓದಿದೆ. ಎರಡು ಕಡೆ ಬರೆದಿದ್ದೀರಿ. ಆದರೆ ಆ ಸಂಸ್ಥಾನವೇ ಇಲ್ಲವಲ್ಲ ಯಜಮಾನರೇ, ಅದರ ನಂಬರು ರಸ್ತೆಯಲ್ಲಿ ಹೇಗೆ ಓಡುತ್ತದೆ?" ಅವರು ತಗಡನ್ನು ಸಣ್ಣ ಮಾವನ ಕೈಗೆ ಮರಳಿಸಿದರು. "ಮನೆಯಲ್ಲಿ ಇಟ್ಟುಕೊಳ್ಳಿ. ನೋಡಲು ಚೆನ್ನಾಗಿದೆ."

ದೊಡ್ಡ ಮಾವ ಆ ಟ್ರ್ಯಾಕ್ಟರನ್ನೇ ನೋಡುತ್ತ ನಿಂತ. ಸಣ್ಣ ಮಾವ ಮೀಸೆಯಲ್ಲೇ ನಕ್ಕ. ಅವನ ತಗಡು ಅವನ ಹತ್ತಿರವೇ ಉಳಿದಿತ್ತು.

ಎಂಬತ್ತರ ದಶಕದ ಆರಂಭದಲ್ಲಿ ಇಳಕಲ್ಲಿನಲ್ಲಿ ಅವನ ಮಗಳ ಮದುವೆಯಾಯಿತು. ಒಪ್ಪಂದದಂತೆ ಕಾರು ಬಂತು. ಹೊಸ ನಂಬರಿನ ಮೇಲೆ ಕೆಂಪು ತಗಡನ್ನು ಸುತಳಿಯಿಂದ ಬಿಗಿದರು. ಬಾಜಾ ಮುಂದೆ, ಕಾರು ನಡುವೆ, ಹಿಂದೆ ನಾವೆಲ್ಲ ಹೆಂಗಸರು. ಕಾರಿನೊಳಗೆ ಬಾಸಿಂಗ ಕಟ್ಟಿಕೊಂಡ ಮದುಮಗ ಬೆವರುತ್ತಿದ್ದ. ಬಜಾರಿನ ತಿರುವಿನಲ್ಲಿ ಹೊಸದಾಗಿ ಬಂದ ಪೊಲೀಸನೊಬ್ಬ ಕೈ ಅಡ್ಡ ಹಾಕಿದ.

"ಇದ್ಯಾ ನಂಬರ್ರಿ?"

"ಸಂಸ್ಥಾನದ ನಂಬರ್," ಎಂದು ಸಣ್ಣ ಮಾವ ರುಮಾಲು ಸರಿಮಾಡಿಕೊಂಡ.

"ಯಾ ಸಂಸ್ಥಾನ? ಬುಡಕ ಇನ್ನೊಂದು ನಂಬರ್ ಐತಲ್ಲ, ಅದನ್ಯಾಕ ಮುಚ್ಚೀರಿ? ಇಂಜಿನ್ ಬಂದ್ ಮಾಡ್ರಿ ಮೊದಲ."

ಡ್ರೈವರು ಇಂಜಿನ್ ಬಂದ್ ಮಾಡಿದ. ಅಷ್ಟೇ ಸಾಕಾಯಿತು. ಬಿಸಿಯಾದ ಮೇಲೆ ನಿಲ್ಲಿಸಿದರೆ ಆ ಕಾರು ಮತ್ತೆ ಏಳುತ್ತಿರಲಿಲ್ಲ. ಸುತಳಿ ಬಿಚ್ಚಿ ತಗಡು ತೆಗೆದದ್ದಾಯಿತು, ಪೊಲೀಸ ಗದರಿ ಬಿಟ್ಟದ್ದೂ ಆಯಿತು. ಕಾರು ಮಾತ್ರ ಅಲ್ಲಾಡಲಿಲ್ಲ. ಹ್ಯಾಂಡಲ್ ತಿರುವಿ ತಿರುವಿ ಡ್ರೈವರನ ತೋಳುಗಳು ಸೋತವು. ಜರಿ ರುಮಾಲಿನ ನೆಂಟರು ಅಂಗಿಯ ತೋಳು ಮಡಿಚಿ ನೂಕಿದರು. ಎಡಗಡೆ ದೊಡ್ಡ ಮಾವ, ಬಲಗಡೆ ಸಣ್ಣ ಮಾವ. ಹಂಚಿಕೆಯಾದ ಮೇಲೆ ಅವರಿಬ್ಬರೂ ಕೂಡಿ ಮಾಡಿದ ಮೊದಲ ಕೆಲಸ ಅದೇ ಇರಬೇಕು. ಮದುಮಗ ಸ್ವಲ್ಪ ಹೊತ್ತು ನೋಡಿ, ಬಾಗಿಲು ತೆರೆದು ಇಳಿದು, ಬಾಜಾದವರ ಜೊತೆ ನಡೆದುಕೊಂಡೇ ಹೋದ. ಇಡೀ ಮೆರವಣಿಗೆಯಲ್ಲಿ ಬುದ್ಧಿ ಇದ್ದವನು ಅವನೊಬ್ಬನೇ.

ಆಮೇಲೆ ಕಾರು ಬಾಗಲಕೋಟೆಯ ಮನೆಯ ಹಿತ್ತಲಿನ ಬೇವಿನ ಮರದ ಕೆಳಗೆ ನಿಂತಿತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಟ್ಟವು. ಒಂದು ದಿನ ಗುಜರಿಯವನೊಬ್ಬ ಬಂದು ಅದನ್ನು ತುಂಡು ಮಾಡಿ ಒಯ್ದ. ತಗಡು ಇಳಕಲ್ಲಿನ ಅಂಗಡಿಯ ಬಾಗಿಲಿಗೆ ಮರಳಿತು.

ಕಾರು ಹೋದ ಮೇಲೆ ದೊಡ್ಡ ಮಾವನಿಗೆ ಹೊಲ ನೆನಪಾಯಿತು. ಬಾದಾಮಿಗೆ ಬಂದು, "ನನಗ ಆ ನಂಬರ್ ಸಿಗಲಿಲ್ಲ. ಹೊಲ ವಾಪಸ್ ಕೊಡು," ಎಂದ.

"ನಾ ಸಹಿ ಮಾಡಿದ್ನಿಲ್ಲೋ?" ಎಂದಳು ಅವ್ವ.

"ಮಾಡಿದಿ."

"ಮತ್ತ?"

ಅವನು ಚಹಾ ಕುಡಿಯದೆ ಎದ್ದು ಹೋದ. ಆ ವರ್ಷದ ನಾಗರಪಂಚಮಿಗೆ ತವರಿನಿಂದ ಯಾರೂ ಕರೆಯಲು ಬರಲಿಲ್ಲ. ಅಷ್ಟರಲ್ಲಿ ಅವ್ವನಿಗೂ ತವರಿನ ರೋಗ ಅಂಟಿತ್ತು. ಬಾವಿಕಟ್ಟೆ, ಗಿರಣಿ, ದವಾಖಾನೆ ಎಲ್ಲಿ ಹೋದರೂ "ನಮ್ಮ ಹುನಗುಂದದ ಹೊಲ" ಎಂದು ಮಾತು ಶುರು ಮಾಡುತ್ತಿದ್ದಳು. ಬೆಳೆಯುತ್ತಿದ್ದದ್ದು ಕೋಳಿಗೆ ಸಾಲುವಷ್ಟು ಸಜ್ಜೆ. ಅಪ್ಪ ಅವಳನ್ನು ಜಮೀನುದಾರ್ತಿ ಎಂದು ಕರೆದರೆ ಅದನ್ನು ಹಾಸ್ಯವೆಂದು ಅವಳು ತಿಳಿಯುತ್ತಲೇ ಇರಲಿಲ್ಲ.

ಪಂಚಮಿಯ ಮುಂಜಾನೆ ಬುತ್ತಿ ಕಟ್ಟಿಕೊಂಡು, ನನ್ನನ್ನೂ ಎಬ್ಬಿಸಿಕೊಂಡು ಬಸ್ಸು ಹತ್ತಿದಳು. ಹುನಗುಂದದಲ್ಲಿ ಇಳಿದು ತವರಿನ ಓಣಿಯ ಕಡೆ ನೋಡದೆ ನೇರ ಹೊಲಕ್ಕೆ ನಡೆದಳು. ನೆರಳಿಗೆ ಒಂದು ಗಿಡವಿಲ್ಲ. ಎಲ್ಲಿ ನೋಡಿದರೂ ಕಲ್ಲು, ನಡುನಡುವೆ ಬೆರಳುದ್ದದ ಸಜ್ಜೆಯ ಸಸಿ. ಬದುವಿನ ಮೇಲೆ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ, ಉಂಡಿ ತೆಗೆದಿಟ್ಟಳು. ನನಗೆ ಬಿಸಿಲಿಗೆ ತಲೆ ನೋಯುತ್ತಿತ್ತು. ಸಿಕ್ಕಲ್ಲಿ ಕುಳಿತುಬಿಟ್ಟೆ.

"ಎಲ್ಲಿ ಕುಂತಿ ನೋಡು," ಎಂದು ಅವ್ವ ನನ್ನ ತೋಳು ಹಿಡಿದು ಎಳೆದಳು. "ಏಳು, ಆ ಕಡೆ ಸರಿ. ಬೆಳಿ ಮ್ಯಾಲ ಕುಂತೀದಿ."